ಗಾಲ್ಫ್ ಬೀಸಿನಲ್ಲಿ ಮಣಿಕಟ್ಟಿನ ಪಾತ್ರ

ನಮ್ಮ ದೇಶದಲ್ಲಿ ಗಾಲ್ಫ್ ಆಟಕ್ಕೆ ಸುಮಾರು ಎರಡು ಶತಮಾನಗಳ ಇತಿಹಾಸವಿದೆ. ಕಲ್ಕತ್ತೆಯ ರಾಯಲ್ ಗಾಲ್ಫ್ ಕ್ಲಬ್ಬು 1829ರಲ್ಲಿ ಸ್ಥಾಪಿತವಾದದ್ದು. ಬ್ರಿಟಿಷ್ ದ್ವೀಪಗಳ ಹೊರಗೆ ಇದಕ್ಕಿಂತ ಹಳೆಯದು ಮತ್ತೊಂದಿಲ್ಲ. ಬೆಂಗಳೂರಿನ ಹೈಗ್ರೌಂಡ್ಸಿನಲ್ಲಿರುವ ಕ್ಲಬ್ಬಿನ ಸ್ಥಾಪನೆಯಾದದ್ದು 1876ರಲ್ಲಿ. ಬಹುಕಾಲ ಅದು ದೊರೆಗಳ, ಸೇನಾಧಿಕಾರಿಗಳ ಆಟವಾಗಿಯೇ ಉಳಿದಿತ್ತು. ಈಗ ಹಾಗಿಲ್ಲ. ಮುಂಬಯಿಯ ಚೆಂಬೂರು, ಪುಣೆಯ ಯೆರವಡಾ, ದೆಹಲಿಯ ಹಳೆಯ ಗೋರಿಗಳ ನಡುವಣ ಹಸಿರು ಮೈದಾನ, ಇಲ್ಲೆಲ್ಲ ಭಾನುವಾರ ಬೆಳಗ್ಗೆ ಕನ್ನಡದ ಮಾತು ಕಿವಿಗೆ ಬಿದ್ದರೆ ಆಶ್ಚರ್ಯಪಡಬೇಕಾದುದಿಲ್ಲ. ಬ್ಯಾಂಕು, ಕಾರ್ಖಾನೆ, ಸರಕಾರಿ ಕಚೇರಿಗಳಲ್ಲಿ ಮೂವತ್ತು ವರ್ಷ ಕುಳಿತು ದುಡಿದವರು ಐವತ್ತರ ಆಸುಪಾಸಿನಲ್ಲಿ, ಅನೇಕ ವೇಳೆ ವೈದ್ಯರ ಸಲಹೆಯ ಮೇಲೆ, ಈ ಆಟಕ್ಕೆ ಬರುತ್ತಾರೆ. ಹದಿನೆಂಟು ಕುಳಿಗಳ ಪೂರ್ಣ ಸುತ್ತು ಮುಗಿಸುವಷ್ಟರಲ್ಲಿ ಏಳೆಂಟು ಕಿಲೋಮೀಟರ್ ನಡಿಗೆಯಾಗುತ್ತದೆ. ಸಕ್ಕರೆ ಕಾಯಿಲೆಯವರಿಗೂ ರಕ್ತದ ಒತ್ತಡದವರಿಗೂ ಇಂಥ ನಡಿಗೆ ಹಿತಕರವೇ.

ಆದರೆ ಕಾಲಿಗೆ ದೊರೆತ ಆರೋಗ್ಯವನ್ನು ಕೈ ಕಳೆದುಕೊಳ್ಳುವ ಪ್ರಸಂಗಗಳು ಕಡಿಮೆಯಲ್ಲ. ಆಟ ಕಲಿಯಲಾರಂಭಿಸಿದ ಕೆಲವೇ ತಿಂಗಳಲ್ಲಿ ಮಣಿಕಟ್ಟು ನೋವು, ಮೊಣಕೈ ನೋವು, ಬೆರಳುಗಳ ಜೋಮು ಕಾಣಿಸಿಕೊಳ್ಳುತ್ತವೆ. ಇದಕ್ಕೆ ವಯಸ್ಸನ್ನು ಹಳಿಯುವುದು ವಾಡಿಕೆ. ವಾಸ್ತವವಾಗಿ ಬಹಳಷ್ಟು ಸಂದರ್ಭಗಳಲ್ಲಿ ಕಾರಣ ಬೇರೆಯೇ ಇರುತ್ತದೆ: ಗಾಲ್ಫ್ ಶಿಕ್ಷಕರು ಪದೇ ಪದೇ ಹೇಳುವ ‘ರಿಲೀಸ್’, ಅಂದರೆ ಬಿಡುಗಡೆ, ಎಂಬ ಮಾತನ್ನು ತಪ್ಪಾಗಿ ಅರ್ಥಮಾಡಿಕೊಳ್ಳುವುದು. ಚೆಂಡಿನ ಹತ್ತಿರ ಬಂದಾಗ ಮಣಿಕಟ್ಟನ್ನು ಬಲವಾಗಿ ಝಾಡಿಸಬೇಕೆಂದು ಹೊಸಬರು ಭಾವಿಸುತ್ತಾರೆ. ಮಾಡಬೇಕಾದದ್ದು ಇದಕ್ಕೆ ಬಹುಮಟ್ಟಿಗೆ ವಿರುದ್ಧವಾದುದು.

ಮೊದಲು ಮಣಿಕಟ್ಟಿನ ರಚನೆಯನ್ನು ಸ್ಥೂಲವಾಗಿ ತಿಳಿಯಬೇಕು. ಮುಂಗೈಯ ಎರಡು ಉದ್ದ ಮೂಳೆಗಳಿಗೂ ಅಂಗೈಯ ಮೂಳೆಗಳಿಗೂ ನಡುವೆ ಎರಡು ಸಾಲಾಗಿ ಜೋಡಿಸಿದ ಎಂಟು ಪುಟ್ಟ ಮೂಳೆಗಳಿವೆ. ಈ ಕೀಲು ಮುಂದಕ್ಕೂ ಹಿಂದಕ್ಕೂ ಚೆನ್ನಾಗಿ ಬಾಗುತ್ತದೆ. ಹೆಬ್ಬೆರಳಿನ ಕಡೆಗೂ ಕಿರುಬೆರಳಿನ ಕಡೆಗೂ ಅಷ್ಟಿಷ್ಟು ವಾಲುತ್ತದೆ. ಬಾಗಿಲ ಹಿಡಿಯನ್ನು ತಿರುಗಿಸುವಂಥ ಚಲನೆ ಮಾತ್ರ ಮಣಿಕಟ್ಟಿನದಲ್ಲ. ಮುಂಗೈಯ ಎರಡು ಮೂಳೆಗಳು ಒಂದರ ಮೇಲೊಂದು ಹೊರಳುವುದರಿಂದ ಅದು ಸಾಧ್ಯವಾಗುತ್ತದೆ. ಇನ್ನೊಂದು ಸಂಗತಿ: ಬೆರಳುಗಳಿಗೆ ಬಲ ಕೊಡುವ ದೊಡ್ಡ ಸ್ನಾಯುಗಳು ಕೈಯಲ್ಲಿಲ್ಲ, ಮುಂಗೈಯಲ್ಲಿವೆ. ಅವುಗಳಿಂದ ಹೊರಟ ಹಗ್ಗದಂಥ ಸ್ನಾಯುರಜ್ಜುಗಳು ಮಣಿಕಟ್ಟನ್ನು ಹಾದು ಬೆರಳುಗಳನ್ನು ಸೇರುತ್ತವೆ. ಮುಷ್ಟಿಯನ್ನು ಬಿಗಿ ಹಿಡಿದ ಕ್ಷಣವೇ ಈ ಹಗ್ಗಗಳೆಲ್ಲ ಸೆಟೆದು ಮಣಿಕಟ್ಟು ಗಡುಸಾಗುತ್ತದೆ. ಯಾರೂ ಕುಳಿತಲ್ಲಿಯೇ ಇದನ್ನು ಪರೀಕ್ಷಿಸಬಹುದು. ಮುಷ್ಟಿ ಬಿಗಿದು ಮಣಿಕಟ್ಟನ್ನು ಅಲುಗಿಸಿ ನೋಡಿ, ಆಮೇಲೆ ಮುಷ್ಟಿ ಸಡಿಲಿಸಿ ನೋಡಿದರಾಯಿತು.

ಇನ್ನು ಬೀಸಿನ ವಿಷಯ. ಬಲಗೈ ಆಟಗಾರನು ಕೋಲನ್ನು ಹಿಂದಕ್ಕೆ ಎತ್ತಿದಾಗ ಎಡ ಮಣಿಕಟ್ಟು ಹೆಬ್ಬೆರಳಿನ ಕಡೆಗೆ ಮಡಿದು, ಎಡ ತೋಳಿಗೂ ಕೋಲಿಗೂ ನಡುವೆ ಸುಮಾರು ಒಂದು ಲಂಬಕೋನ ಏರ್ಪಡುತ್ತದೆ. ಕೆಳಕ್ಕೆ ಬರುವಾಗ ಮೊದಲು ಸೊಂಟ, ಅನಂತರ ಹೆಗಲು, ಅನಂತರ ತೋಳು ತಿರುಗುತ್ತವೆ. ಕೋಲು ಮಾತ್ರ ಮಡಿದ ಹಾಗೆಯೇ ಹಿಂದುಳಿದಿರುತ್ತದೆ. ಕೈಗಳು ಸೊಂಟದ ಮಟ್ಟಕ್ಕೆ ಬರುವ ಹೊತ್ತಿಗೆ ಆ ಕೋನ ಬಿಚ್ಚಿಕೊಳ್ಳತೊಡಗಿ, ಕೋಲು ತೋಳನ್ನು ಹಿಡಿದುಹಾಕುವಂತೆ ಮುನ್ನುಗ್ಗುತ್ತದೆ. ಚೆಂಡನ್ನು ತಾಗುವ ಕ್ಷಣದಲ್ಲಿ ತೋಳು ಮತ್ತು ಕೋಲು ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿರುತ್ತವೆ. ಬಿಡುಗಡೆ ಎಂದರೆ ಮುಖ್ಯವಾಗಿ ಇದೇ.

ಕೋನವನ್ನು ಬಿಚ್ಚುವವರಾರು? ಉತ್ತರ ಕರ್ನಾಟಕದ ಜೋಳದ ಹೊಲಗಳಲ್ಲಿ ಅಟ್ಟಣೆಯ ಮೇಲೆ ನಿಂತು ಹಕ್ಕಿ ಕಾಯುವವನ ಕವಣೆಯನ್ನು ಕಂಡವರಿಗೆ ಉತ್ತರ ಸುಲಭವಾಗಿ ಹೊಳೆಯುತ್ತದೆ. ಕವಣೆ ಬೀಸುವವನು ಕಲ್ಲನ್ನು ತಳ್ಳುವುದಿಲ್ಲ. ಅವನ ತೋಳು ಸಣ್ಣ ವೃತ್ತದಲ್ಲಿ ತಿರುಗುತ್ತದೆ, ಹಗ್ಗದ ತುದಿಯ ಕಲ್ಲು ದೊಡ್ಡ ವೃತ್ತದಲ್ಲಿ ಧಾವಿಸುತ್ತದೆ. ಹಗ್ಗಕ್ಕೆ ಸ್ನಾಯುವಿಲ್ಲ, ಆದರೂ ಅದು ನೆಟ್ಟಗೆ ಚಾಚಿಕೊಳ್ಳುತ್ತದೆ. ಗಾಲ್ಫ್ ಕೋಲಿನದೂ ಅದೇ ಕಥೆ. ತುದಿಯಲ್ಲಿ ಸುಮಾರು 200 ಗ್ರಾಂ ತೂಕದ ತಲೆಯಿರುವ ಕೋಲು ವೃತ್ತಾಕಾರವಾಗಿ ಚಲಿಸುವಾಗ, ಶಾಲೆಯ ಪುಸ್ತಕಗಳು ಕೇಂದ್ರಾಪಗಾಮಿ ಬಲವೆಂದು ಕರೆಯುವ ಪ್ರಭಾವದಿಂದ ಹೊರಕ್ಕೆ ಚಿಮ್ಮುತ್ತದೆ. ಕೋಲು ವೇಗ ಪಡೆದಂತೆಲ್ಲ ಕೈಗಳ ವೇಗ ತಗ್ಗುತ್ತದೆ. ಕೈಯ ಚಲನೆ ಕೋಲಿಗೆ ವರ್ಗವಾಗುತ್ತದೆಯೆಂದರೂ ಸರಿ. ಕಾಕ್ರನ್ ಮತ್ತು ಸ್ಟಾಬ್ಸ್ ಎಂಬಿಬ್ಬರು 1968ರಲ್ಲಿ ಪ್ರಕಟಿಸಿದ ಪ್ರಸಿದ್ಧ ಗ್ರಂಥದಲ್ಲಿ ಈ ಬೀಸನ್ನು ತಿರುಗಣಿಯಿಂದ ಕೂಡಿಸಿದ ಎರಡು ದಂಡಗಳ ಮಾದರಿಯಾಗಿ ವಿವರಿಸಿದ್ದಾರೆ. ಒಂದು ದಂಡ ತೋಳು, ಇನ್ನೊಂದು ಕೋಲು, ನಡುವಣ ತಿರುಗಣಿಯೇ ಮಣಿಕಟ್ಟು. ತಿರುಗಣಿಗೆ ಬಲಕ್ಕಿಂತ ಮುಖ್ಯವಾದದ್ದು ಸರಾಗವಾಗಿ ತೆರೆದುಕೊಳ್ಳುವ ಗುಣ.

ಕಾಲದ ಲೆಕ್ಕವನ್ನು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ನುರಿತ ಆಟಗಾರನ ಕೋಲು ಮೇಲಿನಿಂದ ಚೆಂಡಿಗೆ ಬಂದು ತಾಗಲು ಬೇಕಾಗುವ ಸಮಯ ಸುಮಾರು ಕಾಲು ಸೆಕೆಂಡು. ಕಣ್ಣು ಕಂಡುದನ್ನು ಮಿದುಳು ಗ್ರಹಿಸಿ ಕೈಗೆ ಆಜ್ಞೆ ಕಳುಹಿಸುವುದಕ್ಕೇ ಸೆಕೆಂಡಿನ ಐದನೆಯ ಒಂದು ಭಾಗ ಹಿಡಿಯುತ್ತದೆ. ಕೋಲಿನ ತಲೆಗೂ ಚೆಂಡಿಗೂ ಇರುವ ಸಂಪರ್ಕವಾದರೋ ಸೆಕೆಂಡಿನ ಎರಡು ಸಾವಿರದ ಒಂದು ಭಾಗದಷ್ಟೇ. ಹೀಗಿರುವಾಗ, ಚೆಂಡಿನ ಬಳಿ ಬಂದಾಗ ಮಣಿಕಟ್ಟನ್ನು ತಿರುಗಿಸುತ್ತೇನೆ ಎಂಬ ಸಂಕಲ್ಪ ನೆರವೇರುವ ಮಾತೇ ಅಲ್ಲ. ಆ ಸಂಕಲ್ಪ ಕೈಗೆ ಮುಟ್ಟುವಷ್ಟರಲ್ಲಿ ಚೆಂಡು ಹೋಗಿರುತ್ತದೆ. ಇಲ್ಲವೇ ಆತುರದಿಂದ ಕೋನ ಮೊದಲೇ ಬಿಚ್ಚಿಹೋಗಿರುತ್ತದೆ. ಎರಡನೆಯದೇ ಹೆಚ್ಚು.

ಕನ್ನಡಿಗರಿಗೆ ಇಲ್ಲೊಂದು ವಿಶೇಷ ತೊಡಕಿದೆ ಎನ್ನಬಹುದು. ಭದ್ರಾವತಿಯಲ್ಲಿ ಹುಟ್ಟಿದ ಜಿ. ಆರ್. ವಿಶ್ವನಾಥರ ಮಣಿಕಟ್ಟಿನ ಚಮತ್ಕಾರವನ್ನು ರೇಡಿಯೋದಲ್ಲಿ ಕೇಳಿ, ಮೈದಾನದಲ್ಲಿ ಕಂಡು ಬೆಳೆದ ತಲೆಮಾರು ಇದು. ಮಣಿಕಟ್ಟೆಂದರೆ ಜಾದೂ ಎಂಬ ಭಾವನೆ ಅವರ ಮನಸ್ಸಿನಲ್ಲಿ ಬೇರೂರಿದೆ. ಆದರೆ ಕ್ರಿಕೆಟ್ಟಿನಲ್ಲಿ ಚೆಂಡು ಚಲಿಸುತ್ತದೆ, ಪುಟಿಯುತ್ತದೆ, ತಿರುಗುತ್ತದೆ. ಕಡೆಯ ಗಳಿಗೆಯಲ್ಲಿ ದಾಂಡನ್ನು ಹೊಂದಿಸಿಕೊಳ್ಳುವುದು ಅಲ್ಲಿ ಅನಿವಾರ್ಯ, ಅದೇ ಅಲ್ಲಿಯ ಸೊಬಗು. ಗಾಲ್ಫ್ ಚೆಂಡು ಹುಲ್ಲಿನ ಮೇಲೆ ಸುಮ್ಮನೆ ಕುಳಿತಿರುತ್ತದೆ. ಅದಕ್ಕೆ ಚಮತ್ಕಾರ ಬೇಡ.

ಅತಿ ಸಾಮಾನ್ಯವಾದ ತಪ್ಪೆಂದರೆ ಚೆಂಡನ್ನು ಮೇಲಕ್ಕೆ ಎತ್ತಲು ಹೋಗುವುದು. ಸೌಟಿನಿಂದ ಸಾರು ಮೊಗೆಯುವಂತೆ ಬಲ ಅಂಗೈ ಕೆಳಗಿನಿಂದ ಮೇಲಕ್ಕೆ ತಳ್ಳುತ್ತದೆ, ಎಡ ಮಣಿಕಟ್ಟು ಹಿಂದಕ್ಕೆ ಮುರಿದುಕೊಳ್ಳುತ್ತದೆ. ಇದು ಅನಾವಶ್ಯಕ. ಏಳನೆಯ ನಂಬರಿನ ಕಬ್ಬಿಣದ ಕೋಲಿನ ಮುಖ 30ರಿಂದ 35 ಡಿಗ್ರಿಯಷ್ಟು ಹಿಂದಕ್ಕೆ ವಾಲಿರುತ್ತದೆ. ಚೆಂಡನ್ನು ಮೇಲೆತ್ತುವ ಕೆಲಸ ಆ ಓರೆಯದು, ಕೈಯದಲ್ಲ. ಮೊಗೆಯಲು ಹೋದಾಗ ಕೋಲು ಚೆಂಡಿಗಿಂತ ಹಿಂದೆಯೇ ನೆಲಕ್ಕೆ ಅಪ್ಪಳಿಸುತ್ತದೆ, ಇಲ್ಲವೆ ಚೆಂಡಿನ ನೆತ್ತಿಯನ್ನು ಸವರಿ ಹೋಗುತ್ತದೆ. ಅಮೆರಿಕದ ಬೆನ್ ಹೋಗನ್ ತಮ್ಮ 1957ರ ಪುಸ್ತಕದಲ್ಲಿ ಎಡ ಮಣಿಕಟ್ಟಿನ ಮೂಳೆ ಗುರಿಯ ಕಡೆಗೆ ಉಬ್ಬಿರಬೇಕೆಂದು ಒತ್ತಿ ಹೇಳಿದ್ದರು. ಅಷ್ಟು ಉಬ್ಬದಿದ್ದರೂ ಚಿಂತೆಯಿಲ್ಲ. ಚೆಂಡು ತಾಗುವಾಗ ಎಡಗೈಯ ಹಿಂಬದಿ ಚಪ್ಪಟೆಯಾಗಿದ್ದು, ಕೈಗಳು ಕೋಲಿನ ತಲೆಗಿಂತ ತುಸು ಮುಂದಿದ್ದರೆ ಕಬ್ಬಿಣದ ಕೋಲುಗಳ ಮಟ್ಟಿಗೆ ಸಾಕು.

ಬಿಡುಗಡೆಯಲ್ಲಿ ಇನ್ನೊಂದು ಅಂಶ ಮುಂಗೈಯ ಹೊರಳಿಕೆ. ಚೆಂಡು ದಾಟಿದಂತೆ ಎಡ ಮುಂಗೈ ಹೊರಕ್ಕೆ ತಿರುಗಿ ಬಲ ಮುಂಗೈ ಅದರ ಮೇಲೆ ಹಾಯುತ್ತದೆ. ಇದಾಗದೆ ಕೋಲಿನ ಮುಖ ತೆರೆದೇ ಉಳಿದರೆ ಚೆಂಡು ಬಲಕ್ಕೆ ಬಾಗಿ ಪೊದೆ ಸೇರುತ್ತದೆ, ಅತಿಯಾದರೆ ಎಡಕ್ಕೆ. ಹಿಂದೆ ಕೋಲಿನ ತಲೆ ಮರದ್ದಾಗಿ, ಚಿಕ್ಕದಾಗಿ ಇದ್ದ ಕಾಲದಲ್ಲಿ ಕೈಗಳ ಹೊರಳಿಕೆಗೆ ಬಹಳ ಪ್ರಾಶಸ್ತ್ಯವಿತ್ತು. ಈಗಿನ ಡ್ರೈವರಿನ ತಲೆ 460 ಘನ ಸೆಂಟಿಮೀಟರ್‌ವರೆಗೆ ಇರಬಹುದು. ಅಷ್ಟು ದೊಡ್ಡ ತಲೆ ಬೇಗನೆ ತಿರುಗುವುದಿಲ್ಲ. ಆದ್ದರಿಂದ ಇಂದಿನ ಶಿಕ್ಷಕರಲ್ಲಿ ಅನೇಕರು ಸೊಂಟ ಮತ್ತು ಎದೆಯ ತಿರುಗುವಿಕೆಯನ್ನೇ ಹೆಚ್ಚು ನೆಚ್ಚುತ್ತಾರೆ. ಹಳೆಯ ಪುಸ್ತಕ ಓದಿ ಹೊಸ ಕೋಲು ಹಿಡಿಯುವವರು ಇದನ್ನು ಗಮನಿಸುವುದು ಒಳ್ಳೆಯದು.

ದೂರ ಹೊಡೆಯಬೇಕೆಂಬ ಹಟವೇ ಬಹುಪಾಲು ಕೇಡಿಗೆ ಮೂಲ. ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ಒಂದೇ ಒಂದು ಹೊಡೆತದ ಅಂತರದಿಂದ ಪದಕ ತಪ್ಪಿ ನಾಲ್ಕನೆಯವರಾದರು. ಅಲ್ಲಿ ಆಡಿದವರಲ್ಲಿ ಅವರದು ಅತಿ ಕಡಿಮೆ ದೂರದ ಹೊಡೆತಗಳ ಪೈಕಿಯದು ಎಂಬುದನ್ನು ನೆನೆದರೆ, ಐವತ್ತೈದರ ಮ್ಯಾನೇಜರು ಡ್ರೈವರಿನೊಡನೆ ಜಿದ್ದಿಗೆ ಬೀಳಬೇಕಾದ ಕಾರಣ ಕಾಣುವುದಿಲ್ಲ.

ಬಿಗಿಮುಷ್ಟಿ ಮತ್ತು ನೆಲದ ಪೆಟ್ಟು, ಇವೆರಡೂ ಕೂಡಿದಾಗ ಗಾಯವಾಗುತ್ತದೆ. ಬಲಗೈ ಆಟಗಾರರಲ್ಲಿ ಮಣಿಕಟ್ಟಿನ ತೊಂದರೆ ಹೆಚ್ಚಾಗಿ ಕಾಣುವುದು ಎಡಗೈಯಲ್ಲಿ. ಹೆಬ್ಬೆರಳ ಬುಡದಲ್ಲಿ ಹಾಯುವ ಸ್ನಾಯುರಜ್ಜುಗಳ ಕವಚ ಊದಿಕೊಂಡರೆ ಹೆಬ್ಬೆರಳನ್ನು ಅಲುಗಿಸಿದಾಗಲೆಲ್ಲ ಚುಚ್ಚುತ್ತದೆ. ಇದು ಹಸುಗೂಸನ್ನು ದಿನವಿಡೀ ಎತ್ತಿಕೊಳ್ಳುವ ತಾಯಂದಿರಿಗೂ ಬರುವ ನೋವು. ಬಲ ಮೊಣಕೈಯ ಒಳಬದಿಯ ನೋವಿಗೆ ಗಾಲ್ಫ್ ಹೆಸರೇ ಅಂಟಿಕೊಂಡಿದೆ. ಎಡ ಮೊಣಕೈಯ ಹೊರಬದಿಯ ನೋವು ಟೆನಿಸ್ ಹೆಸರಿನದಾದರೂ ಗಾಲ್ಫ್ ಆಟಗಾರರನ್ನು ಬಿಟ್ಟಿಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಿಗೆ ರಾತ್ರಿ ಹೊತ್ತು ಜೋಮು ಹಿಡಿದರೆ ಮಣಿಕಟ್ಟಿನ ಸುರಂಗದಲ್ಲಿ ಒಂಬತ್ತು ಸ್ನಾಯುರಜ್ಜುಗಳ ಜೊತೆ ಹಾಯುವ ನರ ಒತ್ತಲ್ಪಟ್ಟಿದೆಯೆಂದು ಶಂಕಿಸಬೇಕು. ಸಕ್ಕರೆ ಕಾಯಿಲೆ, ಥೈರಾಯ್ಡ್ ದೋಷ ಇರುವವರಲ್ಲಿ ಇದು ಹೆಚ್ಚು. ಅಂಥವರು ಆಟವನ್ನಷ್ಟೇ ದೂಷಿಸದೆ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು.

ಒಂದು ಗಾಯವನ್ನು ಪ್ರತ್ಯೇಕವಾಗಿ ಹೇಳಲೇಬೇಕು. ಕಿರುಬೆರಳಿನ ಬದಿಯಲ್ಲಿ, ಅಂಗೈಯ ಬುಡದಲ್ಲಿ ಹ್ಯಾಮೇಟ್ ಎಂಬ ಪುಟ್ಟ ಮೂಳೆಯಿದೆ, ಅದಕ್ಕೊಂದು ಕೊಕ್ಕೆ. ಎಡ ಅಂಗೈಯಲ್ಲಿ ಕೋಲಿನ ಹಿಂತುದಿ ಸರಿಯಾಗಿ ಆ ಕೊಕ್ಕೆಯ ಮೇಲೆ ಕುಳಿತಿರುತ್ತದೆ. ಕೋಲು ಗಟ್ಟಿ ನೆಲಕ್ಕೋ ಮರದ ಬೇರಿಗೋ ಬಡಿದಾಗ ಕೊಕ್ಕೆ ಮುರಿಯಬಹುದು. ಬಾವು ಅಲ್ಪ, ಸಾಮಾನ್ಯ ಎಕ್ಸ್‌ರೇಯಲ್ಲಿ ಬಿರುಕು ಅನೇಕ ವೇಳೆ ಕಾಣುವುದೇ ಇಲ್ಲ. ಉಳುಕೆಂದು ತೈಲ ತಿಕ್ಕಿಕೊಂಡು ತಿಂಗಳುಗಟ್ಟಲೆ ಕಾಲ ತಳ್ಳುವವರುಂಟು. ಮುರಿದ ಅಂಚಿಗೆ ಉಜ್ಜಿ ಉಜ್ಜಿ ಕಿರುಬೆರಳಿನ ಸ್ನಾಯುರಜ್ಜು ಹರಿದುಹೋಗುವ ಅಪಾಯವಿದೆ. ಆ ಜಾಗವನ್ನು ಒತ್ತಿದಾಗ ನೋವು ನಿಲ್ಲದೆ ಮುಂದುವರಿದರೆ ಮೂಳೆ ವೈದ್ಯರಲ್ಲಿಗೆ ಹೋಗಿ, ಗಾಲ್ಫ್ ಆಡುವ ಸಂಗತಿಯನ್ನು ತಪ್ಪದೆ ತಿಳಿಸಬೇಕು. ಆಗ ಅವರು ಸಿ.ಟಿ. ಸ್ಕ್ಯಾನ್ ಮಾಡಿಸುವ ಬಗ್ಗೆ ಯೋಚಿಸುತ್ತಾರೆ.

ಅಭ್ಯಾಸ ಹೇಗಿರಬೇಕು? ಹಿಡಿತದಿಂದ ಆರಂಭಿಸುವುದು ಲೇಸು. ಕೋಲು ಅಂಗೈಯ ಗುಳಿಯಲ್ಲಲ್ಲ, ಬೆರಳುಗಳ ಬುಡದಲ್ಲಿರಬೇಕು. ನಗರದ ರಸ್ತೆ ದಾಟುವಾಗ ಮಗುವಿನ ಕೈ ಹಿಡಿಯುವಷ್ಟು ಬಿಗಿ ಸಾಕು: ಜಾರಬಾರದು, ಮಗುವಿಗೆ ನೋಯಲೂ ಬಾರದು. ಮನೆಯ ತಾರಸಿಯಲ್ಲಿ, ತುದಿಗೆ ಗಂಟು ಹಾಕಿದ ಟವೆಲನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಬೀಸಬಹುದು. ಕೈಯ ಆತುರ ಹೆಚ್ಚಾದರೆ ಟವೆಲು ನೆಟ್ಟಗೆ ಚಾಚಿಕೊಳ್ಳದೆ ಮುದುಡುತ್ತದೆ. ಇನ್ನೊಂದು ಉಪಾಯ, ಕೋಲನ್ನು ತಲೆಕೆಳಗಾಗಿ ಹಿಡಿದು ಬೀಸುವುದು. ಸುಯ್ಯೆಂಬ ಶಬ್ದ ಚೆಂಡಿರಬೇಕಾದ ಜಾಗದಲ್ಲಿ ಅಥವಾ ಅದರಿಂದಾಚೆ ಕೇಳಿಸಬೇಕು. ಬಲ ತೊಡೆಯ ಬಳಿಯೇ ಕೇಳಿಸಿದರೆ ಬಿಡುಗಡೆ ಬೇಗನೆ ಆಗಿಹೋಯಿತೆಂದು ಅರ್ಥ. ಆಮೇಲೆ ಚೆಂಡಿಟ್ಟು ಅರ್ಧ ಬೀಸು ಮಾತ್ರ: ಹಿಂದೆ ಸೊಂಟದ ಮಟ್ಟದಲ್ಲಿ ಹೆಬ್ಬೆರಳು ಆಕಾಶ ನೋಡಬೇಕು, ಮುಂದೆ ಸೊಂಟದ ಮಟ್ಟದಲ್ಲಿ ಮತ್ತೆ ಆಕಾಶ ನೋಡಬೇಕು. ನಡುವೆ ಮುಂಗೈಗಳು ತಾವಾಗಿ ಹೊರಳಿರುತ್ತವೆ.

ಅರ್ಧ ಲೀಟರ್ ನೀರಿನ ಬಾಟಲಿಯನ್ನು ಹಿಡಿದು, ಮುಂಗೈಯನ್ನು ಮೇಜಿನ ಮೇಲೆ ಊರಿ, ಮಣಿಕಟ್ಟನ್ನು ಮೆಲ್ಲನೆ ಏರಿಸಿ ಇನ್ನೂ ಮೆಲ್ಲನೆ ಇಳಿಸುವ ವ್ಯಾಯಾಮ ಮುಂಗೈಯ ಸ್ನಾಯುಗಳಿಗೆ ಒಳ್ಳೆಯದು. ಆಟಕ್ಕೆ ಮುಂಚೆ ಹತ್ತು ನಿಮಿಷ ಕೈಕಾಲು ಬಿಸಿಮಾಡಿಕೊಳ್ಳುವುದನ್ನು ಯಾರೂ ಬಿಡಬಾರದು. ನಗರಗಳ ಅಭ್ಯಾಸದ ತಾಣಗಳಲ್ಲಿ ಕಾಂಕ್ರೀಟಿನ ಮೇಲೆ ಹಾಸಿದ ತೆಳು ಚಾಪೆಗಳು ಮಣಿಕಟ್ಟಿಗೆ ಬಹಳ ಕೆಟ್ಟವು. ಹುಲ್ಲು ಸಿಗದಿದ್ದರೆ ಚೆಂಡನ್ನು ಟೀ ಮೇಲಿಟ್ಟು ಹೊಡೆಯುವುದು ಮೇಲು.

ನೋವಿನಿಂದ ಆಟ ನಿಲ್ಲಿಸಿದ್ದವರು ವೈದ್ಯರ ಒಪ್ಪಿಗೆ ಪಡೆದು ಮರಳುವಾಗ ಮೊದಲು ಪಟರ್ ಒಂದನ್ನೇ ಹಿಡಿಯಬೇಕು. ಅದರಲ್ಲಿ ಮಣಿಕಟ್ಟಿಗೆ ಹೆಚ್ಚು ಕೆಲಸವಿಲ್ಲ. ಮರುದಿನ ನೋವು ಮರುಕಳಿಸದಿದ್ದರೆ ಕಿರುಹೊಡೆತಗಳು, ಅನಂತರ ಅರ್ಧ ಬೀಸು, ಅನಂತರ ಕಬ್ಬಿಣದ ಕೋಲುಗಳ ಪೂರ್ಣ ಬೀಸು. ಡ್ರೈವರನ್ನು ಚೀಲದಿಂದ ತೆಗೆಯುವುದು ಎಲ್ಲಕ್ಕಿಂತ ಕೊನೆಗೆ.