ಹಳೆಯ ರೈಲು ಬೋಗಿಗಳ ನವೀಕರಣ: ನಿರ್ವಹಣೆಯ ಪಾಠ

ಲಂಡನ್ನಿನ ಭೂಗತ ರೈಲು ವ್ಯವಸ್ಥೆಯ ಡಿಸ್ಟ್ರಿಕ್ಟ್ ಮಾರ್ಗದಲ್ಲಿ 1980ರಿಂದ ಸಂಚರಿಸಿದ ‘ಡಿ78’ ಬೋಗಿಗಳು 2017ರಲ್ಲಿ ನಿವೃತ್ತಿ ಹೊಂದಿದವು. ಅವುಗಳ ಅಲ್ಯೂಮಿನಿಯಂ ಒಡಲು ಇನ್ನೂ ಗಟ್ಟಿಮುಟ್ಟಾಗಿತ್ತು. ಗುಜರಿ ಸೇರಬೇಕಿದ್ದ ಹಲವು ಬೋಗಿಗಳನ್ನು ವಿವಾರೈಲ್ ಎಂಬ ಬ್ರಿಟಿಷ್ ಸಂಸ್ಥೆ ಖರೀದಿಸಿ, ಕೆಲವಕ್ಕೆ ಫೋರ್ಡ್ ವ್ಯಾನುಗಳಲ್ಲಿ ಬಳಸುವಂತಹ ಡೀಸೆಲ್ ಎಂಜಿನ್ನುಗಳನ್ನು ನೆಲದಡಿಯಲ್ಲಿ ಅಳವಡಿಸಿತು. ಕೆಟ್ಟ ಘಟಕವನ್ನು ಇಡಿಯಾಗಿ ಕಳಚಿ ಬೇರೊಂದನ್ನು ಜೋಡಿಸುವ ಅನುಕೂಲವೂ ಇತ್ತು.

ಹೀಗೆ ನವೀಕರಿಸಿದ ಮೂರು ರೈಲುಗಳು 2019ರಲ್ಲಿ ಬೆಡ್‌ಫರ್ಡ್–ಬ್ಲೆಚ್ಲಿ ಮಾರ್ಗದಲ್ಲಿ ಸೇವೆ ಆರಂಭಿಸಿದವು. ಆದರೆ ಅವುಗಳ ನಿರ್ವಹಣೆಯ ಹೊಣೆಯೂ ಅದೇ ಸಂಸ್ಥೆಯದಾಗಿತ್ತು. 2022ರ ಕೊನೆಯಲ್ಲಿ ಸಂಸ್ಥೆ ದಿವಾಳಿ ಪ್ರಕ್ರಿಯೆಗೆ ಒಳಗಾದಾಗ ರೈಲುಗಳೂ ನಿಂತವು. ಪ್ರಯಾಣಿಕರು ತಿಂಗಳುಗಟ್ಟಲೆ ಬದಲಿ ಬಸ್ಸುಗಳನ್ನು ಅವಲಂಬಿಸಬೇಕಾಯಿತು. 2023ರ ನವೆಂಬರ್‌ನಲ್ಲಿ ಬೇರೆ ಮಾದರಿಯ ಹಳೆಯ ಡೀಸೆಲ್ ರೈಲುಗಳಿಂದ ಸೇವೆ ಪುನರಾರಂಭವಾಯಿತು.

ವೈಟ್ ದ್ವೀಪದಲ್ಲಿ ಮಾತ್ರ ಇದೇ ಬೋಗಿಗಳಿಂದ ರೂಪಿಸಿದ ವಿದ್ಯುತ್ ರೈಲುಗಳು ಆ ಬಳಿಕವೂ ಓಡಿದವು. ಅಲ್ಲಿ ದುರಸ್ತಿ ಕಾರ್ಯವು ರೈಲು ನಡೆಸುವ ಸಂಸ್ಥೆಯ ರೈಡ್ ಡಿಪೋದಲ್ಲಿಯೇ ನಡೆಯುತ್ತಿತ್ತು.

ಹಳೆಯ ಯಂತ್ರಗಳನ್ನು ಕೊಳ್ಳುವ ಉದ್ಯಮಿಗಳು ಬೆಲೆಯೊಡನೆ, ನಕ್ಷೆ, ಬಿಡಿಭಾಗ ಹಾಗೂ ನುರಿತ ಕೆಲಸಗಾರರು ಯಾರ ಕೈಯಲ್ಲಿ ಉಳಿಯುವರೆಂಬುದನ್ನೂ ಒಪ್ಪಂದದ ಹಂತದಲ್ಲಿಯೇ ಖಚಿತಪಡಿಸಿಕೊಳ್ಳುವುದು ಶ್ರೇಯಸ್ಕರ.