ಮೊದಲೇ ತೂಕ ಹೆಚ್ಚಿದ್ದ ಬಸುರಿಗೆ ಇನ್ನೆಷ್ಟು ಕಿಲೋ?

ಗರ್ಭ ನಿಲ್ಲುವ ಮೊದಲೇ ತೂಕ ಹೆಚ್ಚಿದ್ದ ಹೆಂಗಸು ಬಸಿರಿನ ಒಂಬತ್ತು ತಿಂಗಳಲ್ಲಿ 7ರಿಂದ 11.5 ಕಿಲೋ ಏರಿದರೆ ಸಾಕು. ಬೊಜ್ಜಿನ ಮಟ್ಟ ಮುಟ್ಟಿದ್ದವರಿಗೆ 5ರಿಂದ 9 ಕಿಲೋ ಸಾಕು. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2009ರಲ್ಲಿ ಗೊತ್ತುಮಾಡಿದ ಈ ಲೆಕ್ಕವನ್ನೇ ಹಲವು ದೇಶಗಳ ವೈದ್ಯರು ಇವತ್ತಿಗೂ ಹಿಡಿದಿದ್ದಾರೆ. ಹದವಾದ ತೂಕದವರಿಗೆ ಅದು ಹೇಳುವುದು 11.5ರಿಂದ 16 ಕಿಲೋ, ತೀರ ಬಡಕಲು ಮೈಯವರಿಗೆ 12.5ರಿಂದ 18. ಇದೇ ಸಂಸ್ಥೆ 1990ರಲ್ಲಿ ಬೊಜ್ಜಿನವರಿಗೆ ‘ಕನಿಷ್ಠ ಇಷ್ಟಾದರೂ ಏರಲಿ’ ಎಂದಷ್ಟೇ ಹೇಳಿತ್ತು. ಮೇಲಿನ ಗೆರೆ ಎಳೆಯಬೇಕೆಂದು ಅದಕ್ಕೆ ಅನ್ನಿಸಲು ಸುಮಾರು ಇಪ್ಪತ್ತು ವರ್ಷ ಬೇಕಾಯಿತು.

ಹೆಚ್ಚು ತೂಕವೋ ಬೊಜ್ಜೋ ಎಂಬುದನ್ನು ಬಿಎಂಐ ಹೇಳುತ್ತದೆ. ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ಸಿಗುವ ಅಂಕಿ ಅದು. 158 ಸೆಂಟಿಮೀಟರ್ ಎತ್ತರ, 68 ಕಿಲೋ ತೂಕದ ಹೆಂಗಸಿನ ಬಿಎಂಐ ಸುಮಾರು 27. ಅಮೆರಿಕದ ಕೋಷ್ಟಕದಲ್ಲಿ 25ರಿಂದ 30ರೊಳಗೆ ‘ಹೆಚ್ಚು ತೂಕ’, 30 ದಾಟಿದರೆ ‘ಬೊಜ್ಜು’. ಭಾರತೀಯರ ಮೈಯಲ್ಲಿ ಅಷ್ಟೇ ಬಿಎಂಐಗೆ ಕೊಬ್ಬಿನ ಪಾಲು ಜಾಸ್ತಿ, ಅದೂ ಹೊಟ್ಟೆಯ ಸುತ್ತ. ಆದ್ದರಿಂದ ನಮ್ಮ ತಜ್ಞರು 23ಕ್ಕೇ ಹೆಚ್ಚು ತೂಕವೆಂದೂ 25ಕ್ಕೇ ಬೊಜ್ಜೆಂದೂ ಎಣಿಸುತ್ತಾರೆ. ಒಬ್ಬಳೇ ಹೆಂಗಸು ಒಂದು ಪಟ್ಟಿಯಲ್ಲಿ ‘ಸ್ವಲ್ಪ ದಪ್ಪ’, ಇನ್ನೊಂದರಲ್ಲಿ ‘ಬೊಜ್ಜು’. ಪಟ್ಟಿಯ ಜಗಳವನ್ನು ವೈದ್ಯರಿಗೆ ಬಿಟ್ಟು, ಅವರು ಎಷ್ಟು ಕಿಲೋ ಏರಬಹುದೆಂದು ಹೇಳುತ್ತಾರೋ ಅದನ್ನು ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳುವುದು ಜಾಣತನ. ಲೆಕ್ಕಕ್ಕೆ ಬೇಕಾದದ್ದು ಬಸಿರಾಗುವ ಮುಂಚಿನ ತೂಕ. ಅದು ಗೊತ್ತಿಲ್ಲದಿದ್ದರೆ ಮೊದಲ ಮೂರು ತಿಂಗಳೊಳಗೆ ನೋಡಿದ್ದಾದರೂ ಇರಬೇಕು.

ಇದು ಕೆಲವೇ ಜನರ ಸಮಸ್ಯೆಯಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೆಯ ಸುತ್ತಿನಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 23ರಷ್ಟು ಮಂದಿಯ ಬಿಎಂಐ 25 ದಾಟಿತ್ತು. ಐದನೆಯ ಸುತ್ತಿನ ಹೊತ್ತಿಗೆ ಅದು ಶೇ 30 ಆಯಿತು. ಅದೇ ಸಮೀಕ್ಷೆಯಲ್ಲಿ ರಾಜ್ಯದ ಹತ್ತು ಗರ್ಭಿಣಿಯರಲ್ಲಿ ನಾಲ್ವರಿಗೂ ಹೆಚ್ಚು ಮಂದಿಗೆ ರಕ್ತಹೀನತೆ. ಮೈ ತುಂಬಿಕೊಂಡವಳ ರಕ್ತದಲ್ಲಿ ಕಬ್ಬಿಣ ಇಲ್ಲದಿರುವುದು ಇಲ್ಲಿ ಮಾಮೂಲು. ದಪ್ಪಗಿದ್ದಾಳೆ, ಇವಳಿಗೇಕೆ ಕಬ್ಬಿಣದ ಮಾತ್ರೆ ಎಂದು ಮನೆಯವರು ಸುಮ್ಮನಾದರೆ ತಪ್ಪಾಗುತ್ತದೆ.

ಏರುವ ಕಿಲೋಗಳು ಎಲ್ಲಿಗೆ ಹೋಗುತ್ತವೆ ಎಂದು ನೋಡಿದರೆ ಮಿತಿಯ ಮರ್ಮ ತಿಳಿಯುತ್ತದೆ. ಹೆರಿಗೆಯ ಹೊತ್ತಿಗೆ ಕೂಸು ಸುಮಾರು 3 ಕಿಲೋ. ಮಾಸು 600 ಗ್ರಾಂ ಚಿಲ್ಲರೆ, ಗರ್ಭನೀರು 800 ಗ್ರಾಂ, ಹಿಗ್ಗಿದ ಗರ್ಭಕೋಶ ಒಂದು ಕಿಲೋದ ಹತ್ತಿರ. ಹೆಚ್ಚಾದ ರಕ್ತ ಒಂದೂಕಾಲು ಕಿಲೋ, ಅಂಗಾಂಶಗಳಲ್ಲಿ ನಿಲ್ಲುವ ನೀರು ಒಂದೂವರೆ, ಮೊಲೆಗಳದ್ದು ಅರ್ಧ ಕಿಲೋಗೆ ತುಸು ಕಡಿಮೆ. ಕೂಡಿದರೆ ಎಂಟೂವರೆ. ಹದವಾದ ತೂಕದವಳು ಇದರ ಮೇಲೆ ಮೂರು ಕಿಲೋದಷ್ಟು ಕೊಬ್ಬು ಕೂಡಿಡುತ್ತಾಳೆ. ಅದು ಹಾಲೂಡಿಸುವ ತಿಂಗಳುಗಳಿಗೆ ಪ್ರಕೃತಿ ಕಟ್ಟಿಕೊಡುವ ಬುತ್ತಿ. ಮೊದಲೇ ತೂಕವಿದ್ದವಳ ಬಳಿ ಆ ಬುತ್ತಿ ಆಗಲೇ ಇದೆ. ಹಾಗಾಗಿ ಅವಳಿಗೆ ಕಡಿಮೆ ಕಿಲೋ ಸಾಕು.

ಮಿತಿ ಮೀರಿದರೆ ಕಷ್ಟ ಇಬ್ಬರಿಗೂ. ತಾಯಿಗೆ ಗರ್ಭಕಾಲದ ಸಕ್ಕರೆ ಕಾಯಿಲೆ, ಬಿಪಿ, ಸಿಸೇರಿಯನ್, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವಿಕೆ, ಹೊಲಿಗೆ ಗಾಯ ಒಣಗದಿರುವುದು ಇವೆಲ್ಲದರ ಸಾಧ್ಯತೆ ಏರುತ್ತದೆ. ಕೂಸು ಅತಿ ದೊಡ್ಡದಾಗಿ ಹೆರಿಗೆಯಲ್ಲಿ ಭುಜ ಸಿಕ್ಕಿಕೊಳ್ಳಬಹುದು. ಹೊಟ್ಟೆಯ ಕೊಬ್ಬಿನ ಪದರ ದಪ್ಪವಿದ್ದರೆ ಸ್ಕ್ಯಾನಿಂಗ್ ಚಿತ್ರವೂ ಮಸುಕು. ಹೆರಿಗೆಯ ನಂತರದ ಕಥೆಯನ್ನು ಹೇಳಲು ದೂರ ಹೋಗಬೇಕಿಲ್ಲ. ಊರಿನವರು ಮಿಷನ್ ಆಸ್ಪತ್ರೆ ಎಂದು ಕರೆಯುವ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997–98ರಲ್ಲಿ ಬಸುರಿಯರನ್ನು ಸೇರಿಸಿಕೊಂಡು ಆರಂಭವಾದ ಅಧ್ಯಯನದಲ್ಲಿ ನೂರಕ್ಕೆ ಆರು ಮಂದಿಗೆ ಗರ್ಭಕಾಲದ ಸಕ್ಕರೆ ಕಾಯಿಲೆ ಕಂಡಿತು. ಅವರ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಅಳೆದಾಗ, ಒಂಬತ್ತೂವರೆ ವರ್ಷಕ್ಕೆ ಬೇರೆ ಮಕ್ಕಳಿಗಿಂತ ಇವರ ಮೈಯಲ್ಲಿ ಕೊಬ್ಬು ಹೆಚ್ಚಿತ್ತು, ಇನ್ಸುಲಿನ್ ಕೆಲಸವೂ ಮಂದವಾಗಿತ್ತು.

ಇಷ್ಟು ಓದಿ ಹೆದರಿ ಊಟ ಬಿಡುವುದು ಇನ್ನೊಂದು ತಪ್ಪು, ಮೊದಲಿನದಕ್ಕಿಂತ ಕೆಟ್ಟದ್ದು. ಬಸಿರಿನಲ್ಲಿ ತೂಕ ಇಳಿಸುವ ಪಥ್ಯ ಸಲ್ಲದು. ಉಪವಾಸ ಬಿದ್ದರೆ ಮೈ ಕೊಬ್ಬು ಕರಗಿಸಿ ಕೀಟೋನ್ ಎಂಬ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತದೆ, ಅವು ಮಾಸು ದಾಟಿ ಕೂಸಿಗೂ ಹೋಗುತ್ತವೆ. ಕೂಸು ಬೆಳೆಯದೆ ಸಣ್ಣದಾಗಿ ಹುಟ್ಟುವ ಅಪಾಯವೂ ಉಂಟು. ಇಲ್ಲಿ ಇಳಿಸುವ ಮಾತೇ ಇಲ್ಲ, ಹಿಡಿಯಬೇಕಾದದ್ದು ಏರಿಕೆಯ ವೇಗವನ್ನು. ಮೊದಲ ಮೂರು ತಿಂಗಳಲ್ಲಿ ಒಟ್ಟಾರೆ ಅರ್ಧದಿಂದ ಎರಡು ಕಿಲೋ, ಆಮೇಲೆ ಹೆಚ್ಚು ತೂಕದವರಿಗೆ ವಾರಕ್ಕೆ 280 ಗ್ರಾಂ, ಬೊಜ್ಜಿನವರಿಗೆ 220 ಗ್ರಾಂ ಆಸುಪಾಸು. ನೆನಪಿಗೆ ಸುಲಭವಾಗಲೆಂದರೆ, ತಿಂಗಳಿಗೊಂದು ಕಿಲೋ. ವಾಕರಿಕೆಯಿಂದ ಮೊದಮೊದಲು ಒಂದೆರಡು ಕಿಲೋ ಇಳಿದರೆ ಗಾಬರಿ ಬೇಡ. ಆದರೆ ಕುಡಿದ ನೀರೂ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಬೇಕು.

‘ಈಗ ನೀನು ಎರಡು ಜೀವ, ಎರಡು ತುತ್ತು ಜಾಸ್ತಿ ತಿನ್ನು’ ಎಂಬ ಅತ್ತೆ ಅಮ್ಮಂದಿರ ಮಾತಿನಲ್ಲಿ ಅಕ್ಕರೆ ಇದೆ. ಅಕ್ಷರಶಃ ಎರಡೇ ತುತ್ತಾದರೆ ಅದು ಸರಿಯೂ ಹೌದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಗರ್ಭಿಣಿಗೆ ದಿನಕ್ಕೆ 350 ಕ್ಯಾಲೊರಿ ಹೆಚ್ಚುವರಿ ಬೇಕೆನ್ನುತ್ತದೆ. ಒಂದು ಲೋಟ ಹಾಲು, ಒಂದು ಬೇಯಿಸಿದ ಮೊಟ್ಟೆ, ಒಂದು ಬಾಳೆಹಣ್ಣು, ಒಂದಿಷ್ಟು ಹುರಿದ ಕಡಲೆ: ಇಷ್ಟಕ್ಕೇ ಲೆಕ್ಕ ಮುಗಿಯಿತು. ಅದೂ ಸಾಧಾರಣ ತೂಕದವರಿಗೆ. ಬ್ರಿಟನ್ನಿನ ಸಲಹೆ ಇನ್ನೂ ಬಿಗಿ. ಮೊದಲ ಆರು ತಿಂಗಳು ಹೆಚ್ಚಿಗೆ ಏನೂ ಬೇಡ, ಕೊನೆಯ ಮೂರು ತಿಂಗಳಲ್ಲಿ ದಿನಕ್ಕೆ 200 ಕ್ಯಾಲೊರಿ ಸಾಕು ಎನ್ನುತ್ತದೆ.

ಆದ್ದರಿಂದ ತಟ್ಟೆಯ ಗಾತ್ರ ಹಿಗ್ಗಿಸುವುದಕ್ಕಿಂತ ತಟ್ಟೆಯ ಒಳಗಿನದನ್ನು ಬದಲಿಸುವುದು ಮುಖ್ಯ. ನಮ್ಮ ಊಟದಲ್ಲಿ ಅನ್ನದ ಗುಡ್ಡೆ ದೊಡ್ಡದು, ಪಲ್ಯ ಅಂಚಿನಲ್ಲಿ ಉಪ್ಪಿನಕಾಯಿಯಂತೆ ಕುಳಿತಿರುತ್ತದೆ. ಅದನ್ನು ತಿರುವುಮುರುವು ಮಾಡಿದರೆ ಅರ್ಧ ಕೆಲಸ ಆದಂತೆ. ಅರ್ಧ ತಟ್ಟೆ ತರಕಾರಿ, ಸೊಪ್ಪು, ಕೋಸಂಬರಿ. ಕಾಲು ತಟ್ಟೆ ಬೇಳೆ, ಕಾಳು, ಮೊಟ್ಟೆ, ಮೀನು ಇಲ್ಲವೇ ಕೋಳಿ. ಉಳಿದ ಕಾಲಿನಲ್ಲಿ ಅನ್ನವೋ ರೊಟ್ಟಿಯೋ ಮುದ್ದೆಯೋ. ರಾಗಿ ಒಳ್ಳೆಯದು, ಕ್ಯಾಲ್ಸಿಯಂ ಕೊಡುತ್ತದೆ. ಹಾಗೆಂದು ಎರಡು ಮುದ್ದೆ ಮುರಿದರೆ ಅದೂ ಪಿಷ್ಟವೇ. ಬಸ್ಸಾರು, ಮೊಳಕೆ ಹುರುಳಿಕಾಳಿನ ಸಾರು, ಮಜ್ಜಿಗೆ, ಪುಂಡಿ ಪಲ್ಯ ಯಾವ ದುಬಾರಿ ಪಥ್ಯಕ್ಕೂ ಸಾಟಿ. ಸರ್ಕಾರದ ಮಾತೃಪೂರ್ಣ ಯೋಜನೆಯಲ್ಲಿ 2017ರಿಂದ ಅಂಗನವಾಡಿಯಲ್ಲಿ ಬಸುರಿ ಬಾಣಂತಿಯರಿಗೆ ಬಿಸಿಯೂಟ ಇದೆ. ತೂಕ ಹೆಚ್ಚೆಂದು ಅದನ್ನು ಬಿಡಬೇಕಿಲ್ಲ, ಬದಲಿಗೆ ಮನೆಯ ಮಧ್ಯಾಹ್ನದೂಟ ಬಿಡಬೇಕು.

ಕಿಲೋ ಏರಿಸುವುದು ಊಟಕ್ಕಿಂತ ನಡುನಡುವಿನ ಬಾಯಾಡುವಿಕೆ. ದಿನಕ್ಕೆ ನಾಲ್ಕು ಸಲ ಎರಡೆರಡು ಚಮಚ ಸಕ್ಕರೆಯ ಕಾಫಿ, ಶಕ್ತಿ ಬರಲೆಂದು ಹಾಲಿಗೆ ಬೆರೆಸುವ ಡಬ್ಬಿಯ ಪುಡಿ, ನೋಡಲು ಬಂದವರು ತರುವ ಬೇಕರಿ ಪೊಟ್ಟಣ, ಹಣ್ಣಿನ ಬದಲು ಜ್ಯೂಸು. ಡಬ್ಬಿಯ ಹಿಂದಿನ ಸಕ್ಕರೆಯ ಅಂಕಿಯನ್ನು ಒಮ್ಮೆ ಓದಿದರೆ ಅದರ ಮೇಲಿನ ಭಕ್ತಿ ತಾನಾಗಿ ಇಳಿಯುತ್ತದೆ. ಸೀಮಂತದ ದಿನದ ಹೋಳಿಗೆಗೆ ಅಡ್ಡಿಯಿಲ್ಲ. ತೊಂದರೆ ಮಾಡುವುದು ಸೀಮಂತವಾದ ಮೇಲೆ ಹದಿನೈದು ದಿನ ಡಬ್ಬದಲ್ಲಿ ಉಳಿಯುವ ಸಿಹಿ.

ವಾರಕ್ಕೆ 150 ನಿಮಿಷದ ನಡಿಗೆ, ಅಂದರೆ ಐದು ದಿನ ಅರ್ಧರ್ಧ ಗಂಟೆ, ಹೆಚ್ಚಿನ ಗರ್ಭಿಣಿಯರಿಗೆ ಕ್ಷೇಮ. ನಡೆಯುತ್ತ ಮಾತಾಡಲು ಆಗಬೇಕು, ಹಾಡಲು ಉಸಿರು ಸಾಲದಂತಿರಬೇಕು. ಹದ ಅಷ್ಟೇ. ಅಭ್ಯಾಸವಿಲ್ಲದವರು ಹತ್ತು ನಿಮಿಷದಿಂದ ಶುರುಮಾಡಬಹುದು. ‘ಏಳಬೇಡ, ಬಗ್ಗಬೇಡ’ ಎಂಬ ಉಪಚಾರ ವೈದ್ಯರು ಹೇಳಿದಾಗ ಮಾತ್ರ ಸಲ್ಲುತ್ತದೆ. ರಕ್ತಸ್ರಾವ, ತಲೆಸುತ್ತು, ಎದೆನೋವು ಬಂದರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

ತಕ್ಕಡಿಯನ್ನೂ ಓದಲು ಕಲಿಯಬೇಕು. ವಾರಕ್ಕೊಮ್ಮೆ, ಬೆಳಿಗ್ಗೆ ತಿಂಡಿಗೆ ಮುಂಚೆ, ಒಂದೇ ಯಂತ್ರದ ಮೇಲೆ ನೋಡಿದರೆ ಸಾಕು. ಒಂದೇ ವಾರದಲ್ಲಿ ಎರಡು ಕಿಲೋ ಏರಿ, ಮುಖ ಕೈ ಊದಿ, ಬಳೆ ಉಂಗುರ ಬಿಗಿಯಾದರೆ ಅದು ಕೊಬ್ಬಲ್ಲ, ಮೈಯಲ್ಲಿ ನಿಂತ ನೀರು. ಅದರ ಜೊತೆ ತಲೆನೋವು, ಕಣ್ಣು ಮಂಜು, ಎದೆಗುಂಡಿಯ ಕೆಳಗೆ ನೋವು ಇದ್ದರೆ ಆ ದಿನವೇ ಬಿಪಿ ಮತ್ತು ಮೂತ್ರ ಪರೀಕ್ಷೆ ಆಗಬೇಕು. 140/90 ದಾಟಿದ ಬಿಪಿಯನ್ನು ಉಪ್ಪು ಬಿಟ್ಟು ಮನೆಯಲ್ಲೇ ಕುಳಿತು ಕಾಯುವಂತಿಲ್ಲ.

ಸಕ್ಕರೆ ಪರೀಕ್ಷೆಯನ್ನು ಮೊದಲ ಭೇಟಿಯಲ್ಲೇ ಒಮ್ಮೆ, ಅದು ಸರಿಯಿದ್ದರೆ 24ರಿಂದ 28ನೇ ವಾರದಲ್ಲಿ ಇನ್ನೊಮ್ಮೆ ಮಾಡಬೇಕೆಂಬುದು ಕೇಂದ್ರ ಸರ್ಕಾರದ ಸೂಚನೆ. 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕುಡಿಸಿ ಎರಡು ಗಂಟೆಯ ಬಳಿಕ ರಕ್ತ ತೆಗೆಯುತ್ತಾರೆ. 140 ಮುಟ್ಟಿದರೆ ಸಕ್ಕರೆ ಕಾಯಿಲೆ. ತಿಂದು ಬಂದಿದ್ದರೂ ನಡೆಯುತ್ತದೆ. ಚೆನ್ನೈನ ವೈದ್ಯ ವಿ. ಶೇಷಯ್ಯ ಮತ್ತು ಸಂಗಡಿಗರು ಬಳಕೆಗೆ ತಂದ ಈ ವಿಧಾನ, ಹಳ್ಳಿಯಿಂದ ಬಸ್ಸು ಹತ್ತಿ ಬರುವ ಬಸುರಿಯನ್ನು ಖಾಲಿ ಹೊಟ್ಟೆಯಲ್ಲಿ ಕೂರಿಸದ ದೊಡ್ಡ ಉಪಕಾರ.

ಬಸಿರಿಗೆ ಮೊದಲೇ ಯೋಚಿಸುವವರಿಗೆ ಒಂದೆರಡು ಮಾತು. ಐದಾರು ಕಿಲೋ ಇಳಿಸಲು ಸರಿಯಾದ ಕಾಲ ಅದು. ಫೋಲಿಕ್ ಆಮ್ಲದ ಮಾತ್ರೆಯೂ ಆಗಲೇ ಶುರುವಾಗಬೇಕು. ದಪ್ಪ ಮೈಯವರಿಗೆ ಪ್ರಮಾಣ ಹೆಚ್ಚು ಬೇಕಾಗಬಹುದು, ಅದನ್ನು ವೈದ್ಯರು ಹೇಳಬೇಕು. ತೂಕ ಇಳಿಸುವ ಸೆಮಾಗ್ಲುಟೈಡ್ ಚುಚ್ಚುಮದ್ದು ತೆಗೆದುಕೊಳ್ಳುತ್ತಿದ್ದರೆ ಬಸಿರಿಗೆ ಕನಿಷ್ಠ ಎರಡು ತಿಂಗಳು ಮುಂಚೆ ನಿಲ್ಲಿಸಬೇಕು.

ಏರಿದ ಕಿಲೋಗಳು ಹೆರಿಗೆಯೊಂದಿಗೇ ಇಳಿಯುವುದಿಲ್ಲ. ಅಲ್ಲಿಂದ ಬಾಣಂತನ ಶುರು. ಅಂಟಿನುಂಡೆ, ಕೊಬ್ಬರಿ, ತುಪ್ಪ, ಮೇಲೆ ಮೂರು ತಿಂಗಳ ಹಾಸಿಗೆ. ಹೊಟ್ಟೆಗಿಲ್ಲದ ಕಾಲದಲ್ಲಿ ಬಾಣಂತಿಯನ್ನು ಉಳಿಸಿದ ಪದ್ಧತಿ ಅದು. 80 ಕಿಲೋದ ಬಾಣಂತಿಗೆ ದಿನಕ್ಕೆ ಒಂದು ಉಂಡೆ ಸಾಕು, ಮೂರು ಬೇಡ. ಮೊಲೆಹಾಲೂಡಿಸುವುದು ತಾನೇ ದಿನಕ್ಕೆ ನಾಲ್ಕೈದು ನೂರು ಕ್ಯಾಲೊರಿ ಖರ್ಚು ಮಾಡಿಸುತ್ತದೆ. ಬಸಿರಿನಲ್ಲಿ ಸಕ್ಕರೆ ಕಾಯಿಲೆ ಬಂದಿದ್ದವರು ಆರನೇ ವಾರಕ್ಕೆ ಮತ್ತೆ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಕೂಸಿಗೆ ಲಸಿಕೆ ಹಾಕಿಸಲು ಆ ವಾರ ಹೇಗೂ ಆಸ್ಪತ್ರೆಗೆ ಹೋಗುವುದಿರುತ್ತದೆ, ಎರಡೂ ಒಂದೇ ದಿನ ಮುಗಿಯುತ್ತವೆ.