ಮಂಗಳೂರಿನ ಅಳಿದ ಕೋಟೆ ಮತ್ತು ಉಳಿದ ಬತ್ತೇರಿ

ಮಂಗಳೂರಿನ ಕೋಟೆ ಎಲ್ಲಿದೆಯೆಂದು ಕೇಳಿದವರಿಗೆ ಊರಿನವರು ಸಾಮಾನ್ಯವಾಗಿ ಬೋಳೂರಿನ ಸುಲ್ತಾನ್ ಬತ್ತೇರಿಯ ದಾರಿಯನ್ನು ತೋರಿಸುತ್ತಾರೆ. ಗುರುಪುರ ನದಿಯ ದಂಡೆಯ ಮೇಲಿರುವ ಈ ಕಪ್ಪುಕಲ್ಲಿನ ಕಟ್ಟಡವು ವಸ್ತುತಃ ಕೋಟೆಯಲ್ಲ. ಯುದ್ಧನೌಕೆಗಳು ನದಿಯೊಳಕ್ಕೆ ನುಗ್ಗದಂತೆ ತಡೆಯಲು ಕಟ್ಟಿಸಿದ ಕಾವಲುಗೋಪುರ. ಮಂಗಳೂರಿನ ನಿಜವಾದ ಕೋಟೆ ಇಂದು ಇಲ್ಲ. ಅದನ್ನು ಕೆಡವಿಸಿದವನೂ ಈ ಬತ್ತೇರಿಯನ್ನು ಕಟ್ಟಿಸಿದವನೂ ಟಿಪ್ಪು ಸುಲ್ತಾನನೇ. ನಗರದ ಪರಂಪರೆಯೆಂದು ನಾವು ಕರೆಯುವುದು ಎಷ್ಟರಮಟ್ಟಿಗೆ ಅಳಿದುಳಿದುದರ ಆಕಸ್ಮಿಕವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು.

ನೇತ್ರಾವತಿ ಮತ್ತು ಗುರುಪುರ ನದಿಗಳು ಕೂಡಿ ಸಮುದ್ರವನ್ನು ಸೇರುವಲ್ಲಿ ಹಡಗುಗಳಿಗೆ ಆಶ್ರಯವಿತ್ತು. ಹಿನ್ನಾಡಿನಲ್ಲಿ ಅಕ್ಕಿಯೂ ಮೆಣಸೂ ಬೆಳೆಯುತ್ತಿದ್ದವು. ಗೋವೆಗೆ ಬೇಕಾದ ಅಕ್ಕಿಗಾಗಿ ಕರಾವಳಿಯ ಈ ಬಂದರುಗಳನ್ನು ಅವಲಂಬಿಸಿದ್ದ ಪೋರ್ಚುಗೀಸರು 1568ರಲ್ಲಿ ಇಲ್ಲಿ ಸೇಂಟ್ ಸೆಬಾಸ್ಟಿಯನ್ ಕೋಟೆಯನ್ನು ಕಟ್ಟಿದರು. 1763ರಲ್ಲಿ ಬಿದನೂರು ಹೈದರಾಲಿಯ ವಶವಾದಾಗ ಮಂಗಳೂರು ಮೈಸೂರಿಗೆ ಸಮುದ್ರದ್ವಾರವಾಯಿತು. 1768ರಲ್ಲಿ ಇಂಗ್ಲಿಷರು ಅದನ್ನು ಹಿಡಿದು ಅದೇ ವರ್ಷ ಕಳೆದುಕೊಂಡರು.

ಕೋಟೆಯ ಹಣೆಬರಹ ನಿರ್ಣಯವಾದದ್ದು ಎರಡನೆಯ ಮೈಸೂರು ಯುದ್ಧದಲ್ಲಿ. 1783ರಲ್ಲಿ ಇಂಗ್ಲಿಷರು ಪುನಃ ಅದನ್ನು ಹಿಡಿದರು. ಮೇ ತಿಂಗಳಲ್ಲಿ ಟಿಪ್ಪು ದೊಡ್ಡ ಸೈನ್ಯದೊಡನೆ ಬಂದು ಮುತ್ತಿದನು. ಯುರೋಪಿನಲ್ಲಿ ಸಂಧಿಯಾದ ಸುದ್ದಿ ತಲುಪಿದೊಡನೆ ಅವನ ಫ್ರೆಂಚ್ ಮಿತ್ರರು ಯುದ್ಧದಿಂದ ಹಿಂದೆ ಸರಿದರು. ಒಳಗೆ ಕ್ಯಾಂಬೆಲನ ದಳವು ಹಸಿವು ರೋಗಗಳಿಂದ ಕ್ಷೀಣಿಸುತ್ತ, 1784ರ ಜನವರಿ 30ರಂದು ಕೋಟೆಯನ್ನು ಬಿಟ್ಟುಕೊಟ್ಟಿತು. ಮಾರ್ಚ್ 11ರಂದು ಮಂಗಳೂರು ಒಪ್ಪಂದವಾಯಿತು. ತನ್ನ ಕೋಟೆಯೇ ಶತ್ರುವಿನ ಕೈಸೇರಿ ತನ್ನ ಸೈನ್ಯವನ್ನು ಎಂಟು ತಿಂಗಳು ತಡೆದು ನಿಲ್ಲಿಸಿದುದನ್ನು ಕಂಡ ದೊರೆ ಅದನ್ನು ಉಳಿಸಲಿಲ್ಲವೆಂದರೆ ಆಶ್ಚರ್ಯವೇನು? 1801ರಲ್ಲಿ ಇಲ್ಲಿಗೆ ಬಂದ ಬುಕಾನನ್, ಕೋಟೆಯಿದ್ದ ದಿಣ್ಣೆಯ ಸುತ್ತಲೂ ಪಟ್ಟಣವು ಹರಡಿತ್ತೆಂದು ತಿಳಿಸುತ್ತಾನೆ. ಊರಿನ ರೂಪವನ್ನು ನಿರ್ಧರಿಸಿದ್ದ ಕೋಟೆ ಮಾಯವಾಗಿತ್ತು. ರೂಪ ಮಾತ್ರ ಉಳಿದಿತ್ತು.

ಬತ್ತೇರಿಯ ನಿರ್ಮಾಣಕ್ಕೆ ಹೇಳುವ ವರ್ಷವೂ 1784. ತೋಪುಗಳಿಗಾಗಿ ಬಿಟ್ಟ ಕಿಂಡಿಗಳು, ಕೆಳಗೆ ಮದ್ದಿನ ನೆಲಮನೆ, ಇಷ್ಟೇ ಅದರ ವೈಭವ. ಆದರೆ ಆ ವರ್ಷದ ನೆನಪು ಎಲ್ಲರಿಗೂ ಒಂದೇ ಅಲ್ಲ. ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದದ್ದೂ 1784ರಲ್ಲಿಯೇ. ಅವರ ಸಂಖ್ಯೆಯ ವಿಷಯದಲ್ಲಿ ಆಕರಗಳು ಒಮ್ಮತವಾಗಿಲ್ಲ; ಘಟನೆಯ ವಿಷಯದಲ್ಲಿ ಸಂದೇಹವಿಲ್ಲ. ಒಂದು ಮನೆಯವರಿಗೆ ಬತ್ತೇರಿಯು ಇಂಗ್ಲಿಷರನ್ನು ಎದುರಿಸಿದ ದೊರೆಯ ಗುರುತಾದರೆ, ನೆರೆಮನೆಯವರಿಗೆ ಅದು ಪೂರ್ವಜರ ಸೆರೆಯ ಕಾಲದ್ದು. ತರಗತಿಯಲ್ಲಿ ಇವೆರಡರಲ್ಲಿ ಒಂದನ್ನೇ ಹೇಳಿ ಮುಗಿಸುವುದು ಸುಲಭ, ಅದು ಇತಿಹಾಸವಾಗಲಾರದು.

ಕಟ್ಟಡವೇ ಇಲ್ಲದೆ ಸೈನಿಕ ಸ್ಮರಣೆ ನಿಂತ ಸ್ಥಳವೂ ಇಲ್ಲಿದೆ. 1837ರ ಏಪ್ರಿಲ್ 5ರಂದು ಕೊಡಗು ಹಾಗೂ ಸುಳ್ಯದ ಕಡೆಯಿಂದ ಬಂದ ರೈತದಂಡು ಮಂಗಳೂರನ್ನು ಹಿಡಿದು, ಬಾವುಟಗುಡ್ಡದಲ್ಲಿ ತನ್ನ ಧ್ವಜವನ್ನೇರಿಸಿ, ಹದಿಮೂರು ದಿನ ಊರನ್ನಾಳಿತು. ಗುಡ್ಡದ ಹೆಸರು ಆ ಧ್ವಜದಿಂದಲೇ ಬಂದಿತೆಂಬುದು ಜನಾಭಿಪ್ರಾಯ. ಸರಕಾರಿ ಕಾಗದಗಳಲ್ಲಿ ದಂಗೆಯೆನಿಸಿದ ಈ ಘಟನೆಯನ್ನು ಇಂದು ಅಮರ ಸುಳ್ಯ ಹೋರಾಟವೆಂದು ಕರೆಯುತ್ತಾರೆ. 2022ರಲ್ಲಿ ಅದರ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆಯನ್ನು ಗುಡ್ಡದಲ್ಲಿ ಸ್ಥಾಪಿಸಲಾಯಿತು. ನೂರೆಂಬತ್ತೈದು ವರ್ಷಗಳವರೆಗೆ ಈ ನೆನಪನ್ನು ಹೊತ್ತದ್ದು ಕಲ್ಲಲ್ಲ, ಒಂದು ಸ್ಥಳನಾಮ!

1970ರ ದಶಕದಲ್ಲಿ ಪಣಂಬೂರಿನ ಹೊಸ ಬಂದರು ಆರಂಭವಾದ ಮೇಲೆ ದೊಡ್ಡ ಹಡಗುಗಳು ನದಿಯ ಹಳೆಯ ಬಂದರಿಗೆ ಬರುವುದಿಲ್ಲ. ಬತ್ತೇರಿ ಕಾಯುತ್ತಿದ್ದ ನೀರಿನಲ್ಲಿ ಈಗ ತಣ್ಣೀರುಬಾವಿಗೆ ಜನರನ್ನು ದಾಟಿಸುವ ದೋಣಿಗಳಿವೆ. ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಈ ಸ್ಮಾರಕವನ್ನು ನೋಡಹೋಗುವ ವಿದ್ಯಾರ್ಥಿಗಳು ಅಲ್ಲಿಂದ ಮರಳುವಾಗ ಹಳೆಯ ಬಂದರಿನ ಓಣಿಗಳಿಂದ ದಿಣ್ಣೆಯನ್ನು ಹತ್ತಿ, ಬುಕಾನನನ ವರ್ಣನೆಯೊಡನೆ ಊರಿನ ಏರಿಳಿತಗಳನ್ನು ಹೋಲಿಸಿ ನೋಡಬೇಕು. ಮಳೆಗಾಲಕ್ಕೆ ಮೊದಲೇ ಹೋಗುವುದು ಒಳ್ಳೆಯದು.